ಬಾಗಿಲಿಗಿಂತ ಮೊದಲು ಒಳಗಿನ ಸಾಮಾನು: ಪಾಸ್‌ವರ್ಡ್ ಗೊತ್ತಿಲ್ಲದ ಮನೆ ಕಂಪ್ಯೂಟರ್ ತೆರೆಯುವುದು, ಬ್ಯಾಕಪ್ ಇಡುವುದು

ಚಿಕ್ಕಪ್ಪನ ಉತ್ತರಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ ಮುಂಬಯಿ ಪಕ್ಕದ ಡೊಂಬಿವಲಿಯಿಂದ ಚಿಕ್ಕಮ್ಮನ ಫೋನ್ ಬಂತು. "ಮಗಾ, ಕಂಪ್ಯೂಟರ್ ಪಾಸ್‌ವರ್ಡ್ ಕೇಳ್ತಾ ಉಂಟು. ಅವರು ಯಾವತ್ತೂ ಹೇಳಿರಲಿಲ್ಲ ಮಾರಾಯ. ಸೊಸೈಟಿ ಕಾಗದ, ಮಗಳ ಮದುವೆ ಫೋಟೋ, ಅವರು ಬರೀತಾ ಇದ್ದದ್ದು, ಎಲ್ಲ ಅದರ ಒಳಗೇ ಉಂಟು. ಕೆಳಗಿನ ಅಂಗಡಿಯ ಹುಡುಗನಿಗೆ ಕೊಡ್ಲಾ?"

"ಕೊಡಬೇಡಿ ಚಿಕ್ಕಮ್ಮ. ಸ್ವಿಚ್ ಆಫ್ ಮಾಡಿ ಇಡಿ. ನಾನು ಬರ್ತೇನೆ" ಅಂದೆ. ಮುಲುಂಡ್‌ನಿಂದ ಸ್ಲೋ ಲೋಕಲ್ ರೈಲು ಹಿಡಿದೆ.

ಅಷ್ಟು ಗಡಿಬಿಡಿ ಯಾಕೆ ಅಂದರೆ, ಇದೇ ತಪ್ಪನ್ನು ನಾನು ಒಮ್ಮೆ ಮಾಡಿದ್ದೆ. ನನ್ನ ಹಳೆ ಲ್ಯಾಪ್‌ಟಾಪ್ ಲಾಗಿನ್ ಆಗದೆ ಇದ್ದಾಗ ಒಂದು ರಿಪೇರಿ ಅಂಗಡಿಗೆ ಕೊಟ್ಟು ಬಂದೆ. ಸಂಜೆ ಹೋದರೆ ಲ್ಯಾಪ್‌ಟಾಪ್ ಫಳಫಳ ಹೊಳೆಯುತ್ತಿತ್ತು, ಹೊಸ ವಿಂಡೋಸ್ ಹಾಕಿದ್ದರು. ಒಳಗೆ ಏನೂ ಇರಲಿಲ್ಲ. ಮಗನ ಮೊದಲ ಒಂದು ವರ್ಷದ ಫೋಟೋಗಳು ಹೋದವು. "ಫಾರ್ಮ್ಯಾಟ್ ಮಾಡಲಾ" ಎಂದು ಅವರು ಕೇಳಲಿಲ್ಲ, "ಮಾಡಬೇಡಿ" ಎಂದು ನಾನೂ ಹೇಳಿರಲಿಲ್ಲ.

ಅದಕ್ಕೇ ಈ ಬರಹದಲ್ಲಿ ಕ್ರಮವೇ ಮುಖ್ಯ. ಮೊದಲು ಫೈಲುಗಳನ್ನು ಹೊರಗೆ ತೆಗೆಯಬೇಕು, ಆಮೇಲೆ ಲಾಗಿನ್ ಬಾಗಿಲು ತೆರೆಯಬೇಕು. ನೇರವಾಗಿ ಬಾಗಿಲು ತೆರೆಯುವ ದಾರಿ ಇದ್ದರೆ ತುಂಬ ಒಳ್ಳೆಯದು. ಇಲ್ಲದಿದ್ದರೆ ಸಾಮಾನು ಹೊರಗೆ ಬರುವವರೆಗೆ ಬಾಗಿಲು ಒಡೆಯಬೇಡಿ.

ಇದು ಯಾರ ಕಂಪ್ಯೂಟರ್?

ಮೊದಲು ಇದನ್ನು ಸ್ಪಷ್ಟ ಮಾಡಿಕೊಳ್ಳಿ. ನಿಮ್ಮದೇ ಕಂಪ್ಯೂಟರ್, ಅಥವಾ ಮನೆಯವರದ್ದು ಮತ್ತು ಅವರು ಒಪ್ಪಿದ್ದಾರೆ ಎಂದರೆ ಮುಂದೆ ಓದಿ. ತೀರಿಕೊಂಡವರದ್ದಾದರೆ ಹೆಂಡತಿ, ಮಕ್ಕಳು ಎಲ್ಲರಿಗೂ ತಿಳಿಸಿಯೇ ಕೈ ಹಾಕಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಆಫೀಸಿನ ಐಟಿಯವರಿಗೆ ಫೋನ್ ಮಾಡಿ, ಅಷ್ಟೇ. ಬೇರೆಯವರ ಕಂಪ್ಯೂಟರ್‌ಗೆ ಅನುಮತಿ ಇಲ್ಲದೆ ಮೋಸದ ಉದ್ದೇಶದಿಂದ ನುಗ್ಗಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 66ರ ಪ್ರಕಾರ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಗಂಡ-ಹೆಂಡತಿ, ಅಣ್ಣ-ತಮ್ಮ ಅಂತ ಕಾನೂನಿನಲ್ಲಿ ರಿಯಾಯಿತಿ ಬರೆದಿಲ್ಲ.

ಮೊದಲ ಹತ್ತು ನಿಮಿಷ: ಕೀಬೋರ್ಡ್ ನೋಡಿ

ಎಷ್ಟೋ ಸಲ ಪಾಸ್‌ವರ್ಡ್ ಮರೆತಿರುವುದಿಲ್ಲ, ಸರಿಯಾಗಿ ಟೈಪ್ ಆಗುತ್ತಿರುವುದಿಲ್ಲ. ಕ್ಯಾಪ್ಸ್ ಲಾಕ್ ನೋಡಿ. ಅಂಕೆಗಳಿದ್ದರೆ ನಮ್ ಲಾಕ್ ನೋಡಿ. ಪಾಸ್‌ವರ್ಡ್ ಪೆಟ್ಟಿಗೆಯ ಬಲಗಡೆ ಕಣ್ಣಿನ ಚಿತ್ರ ಕಂಡರೆ ಅದನ್ನು ಒತ್ತಿ ಹಿಡಿಯಿರಿ, ಟೈಪ್ ಆಗಿದ್ದು ಕಣ್ಣಿಗೆ ಕಾಣುತ್ತದೆ.

ನಮ್ಮವರ ಕಂಪ್ಯೂಟರ್‌ಗಳಲ್ಲಿ ಇನ್ನೊಂದು ವಿಷಯ ಉಂಟು. ಕನ್ನಡ ಟೈಪ್ ಮಾಡುವವರು ಕನ್ನಡ ಕೀಬೋರ್ಡ್ ಹಾಕಿಕೊಂಡಿರುತ್ತಾರೆ. ಲಾಗಿನ್ ಪರದೆಯ ಕೆಳಗೆ ಬಲಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ. ಅದು ಕನ್ನಡದಲ್ಲಿ ನಿಂತಿದ್ದರೆ ನೀವು ಎಷ್ಟೇ ಸರಿಯಾಗಿ ಇಂಗ್ಲಿಷ್ ಪಾಸ್‌ವರ್ಡ್ ಒತ್ತಿದರೂ ತಪ್ಪೇ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಬ್ರಿಟಿಷ್ ಇಂಗ್ಲಿಷ್ ಕೀಬೋರ್ಡ್ ಆಯ್ಕೆಯಾಗಿದ್ದರೆ ಅಟ್ ಚಿಹ್ನೆ ಮತ್ತು ಉದ್ಧರಣ ಚಿಹ್ನೆ ಅದಲುಬದಲು ಆಗಿರುತ್ತವೆ. ಪಾಸ್‌ವರ್ಡ್‌ನಲ್ಲಿ ಅಟ್ ಇದ್ದರೆ ಅದನ್ನೂ ನೋಡಿ.

ಪಿನ್ ಕೇಳುತ್ತಿದ್ದರೆ ಸುಮ್ನೆ ಊಹಿಸಿ ಊಹಿಸಿ ಒತ್ತುತ್ತಾ ಕೂರಬೇಡಿ. ಕೆಲವು ಸಲ ತಪ್ಪಾದ ಮೇಲೆ ವಿಂಡೋಸ್ ಒಂದು ಸಣ್ಣ ಗುರುತಿನ ಪದ ಟೈಪ್ ಮಾಡಲು ಹೇಳುತ್ತದೆ, ಆಮೇಲೆ ರೀಸ್ಟಾರ್ಟ್ ಮಾಡಿಸುತ್ತದೆ, ಕೊನೆಗೆ ಪಿನ್ ಅನ್ನೇ ಬಂದ್ ಮಾಡುತ್ತದೆ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ಅದರ ಹಿಂದೆ ಪಾಸ್‌ವರ್ಡ್ ಬೇರೆಯೇ ಇರುತ್ತದೆ. ಪಿನ್ ಕೆಳಗಿನ 'ಸೈನ್ ಇನ್ ಆಪ್ಷನ್ಸ್' ಒತ್ತಿದರೆ ಕೀಲಿಯ ಚಿತ್ರ ಕಾಣುತ್ತದೆ, ಅಲ್ಲಿ ಪಾಸ್‌ವರ್ಡ್ ಹಾಕಬಹುದು.

ಡೈರಿ, ಮಾನಿಟರ್ ಹಿಂಭಾಗ, ಚೆಕ್‌ಬುಕ್ ಕವರ್ ಎಲ್ಲ ನೋಡಿ. ಚಿಕ್ಕಪ್ಪ ಎಲ್ಲೂ ಬರೆದಿಟ್ಟಿರಲಿಲ್ಲ.

ಯಾವ ರೀತಿಯ ಖಾತೆ?

ವಿಂಡೋಸ್‌ನಲ್ಲಿ ಎರಡು ಥರದ ಖಾತೆ. ಒಂದು ಮೈಕ್ರೋಸಾಫ್ಟ್ ಖಾತೆ, ಅಂದರೆ ಇಮೇಲ್ ವಿಳಾಸದ ಮೇಲೆ ನಡೆಯುವುದು. ಇನ್ನೊಂದು ಲೋಕಲ್ ಖಾತೆ, ಆ ಯಂತ್ರದ ಒಳಗೇ ಇರುವುದು. ಲಾಗಿನ್ ಪರದೆಯಲ್ಲಿ ಹೆಸರಿನ ಕೆಳಗೆ ಇಮೇಲ್ ಕಂಡರೆ ಮೊದಲನೆಯದು.

ಮೈಕ್ರೋಸಾಫ್ಟ್ ಖಾತೆಯಾದರೆ ಕೆಲಸ ಸುಲಭ. ನಿಮ್ಮ ಫೋನ್‌ನಲ್ಲಿ ಮೈಕ್ರೋಸಾಫ್ಟ್‌ನ ಲಾಗಿನ್ ಪುಟಕ್ಕೆ ಹೋಗಿ, ಪಾಸ್‌ವರ್ಡ್ ಮರೆತಿದೆ ಎಂದು ಕೊಡಿ. ಖಾತೆಗೆ ಜೋಡಿಸಿದ ಮೊಬೈಲ್‌ಗೆ ಅಥವಾ ಇನ್ನೊಂದು ಇಮೇಲ್‌ಗೆ ಕೋಡ್ ಬರುತ್ತದೆ. ಹೊಸ ಪಾಸ್‌ವರ್ಡ್ ಇಟ್ಟ ಮೇಲೆ ಕಂಪ್ಯೂಟರ್‌ಗೆ ಇಂಟರ್‌ನೆಟ್ ಸಿಗಬೇಕು, ಇಲ್ಲದಿದ್ದರೆ ಅದಕ್ಕೆ ಹೊಸ ಪಾಸ್‌ವರ್ಡ್ ಗೊತ್ತಾಗುವುದಿಲ್ಲ. ವೈಫೈ ಗುರುತು ಲಾಗಿನ್ ಪರದೆಯ ಕೆಳಮೂಲೆಯಲ್ಲೇ ಇರುತ್ತದೆ.

ಕೋಡ್ ಬರಬೇಕಾದರೆ ಸಿಮ್ ಜೀವಂತ ಇರಬೇಕು, ಅಲ್ವಾ? ತೀರಿಕೊಂಡವರ ನಂಬರ್‌ಗೆ ರೀಚಾರ್ಜ್ ಯಾಕೆ ಎಂದು ಎಷ್ಟೋ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ. ಆಮೇಲೆ ಆ ನಂಬರ್ ಬೇರೆ ಯಾರಿಗೋ ಹೋಗುತ್ತದೆ. ಬ್ಯಾಂಕ್, ಇಮೇಲ್, ಕಂಪ್ಯೂಟರ್ ಕೆಲಸಗಳೆಲ್ಲ ಮುಗಿಯುವವರೆಗೆ ದಯವಿಟ್ಟು ಆ ಸಿಮ್ ಉಳಿಸಿಕೊಳ್ಳಿ.

ಲೋಕಲ್ ಖಾತೆಯಾದರೆ, ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿ ನೋಡಿ. 2018ರ ನಂತರದ ವಿಂಡೋಸ್ 10 ಅಥವಾ ವಿಂಡೋಸ್ 11 ಆಗಿದ್ದು, ಖಾತೆ ಮಾಡುವಾಗ ಭದ್ರತಾ ಪ್ರಶ್ನೆಗಳನ್ನು ಇಟ್ಟಿದ್ದರೆ 'ರೀಸೆಟ್ ಪಾಸ್‌ವರ್ಡ್' ಎಂದು ಕೆಳಗೆ ಬರುತ್ತದೆ. ಹುಟ್ಟಿದ ಊರು, ಮೊದಲ ಸಾಕುಪ್ರಾಣಿಯ ಹೆಸರು ಹೀಗೆ ಮೂರು ಪ್ರಶ್ನೆ. ಉತ್ತರವನ್ನು ಅವರು ಬರೆಯುತ್ತಿದ್ದ ಸ್ಪೆಲಿಂಗ್‌ನಲ್ಲೇ ಬರೆಯಬೇಕು. ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ, ಪಾಸ್‌ಪೋರ್ಟ್ ತೆಗೆದು ನೋಡಿ.

ಅದೇ ಯಂತ್ರದಲ್ಲಿ ಇನ್ನೊಬ್ಬರ ಅಡ್ಮಿನ್ ಖಾತೆ ಇದ್ದರೆ, ಅದರಿಂದ ಲಾಗಿನ್ ಆಗಿ ಕಂಟ್ರೋಲ್ ಪ್ಯಾನಲ್‌ನ 'ಯೂಸರ್ ಅಕೌಂಟ್ಸ್'ನಲ್ಲಿ ಈ ಖಾತೆಯ ಪಾಸ್‌ವರ್ಡ್ ಬದಲಿಸಬಹುದು. ಆದರೆ ಹಾಗೆ ಬಲವಂತವಾಗಿ ಬದಲಿಸಿದರೆ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ವಿಂಡೋಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡಿದ ಫೈಲುಗಳು ಕೈತಪ್ಪಬಹುದು. ಅದಕ್ಕೇ ಬದಲಿಸುವ ಮೊದಲು ಫೈಲುಗಳ ಪ್ರತಿ ಮಾಡಿಕೊಳ್ಳಿ. ವಿಡಿಯೋಗಳಲ್ಲಿ ಲಾಗಿನ್ ಪರದೆಯನ್ನೇ ಮೋಸಗೊಳಿಸುವ ತಂತ್ರಗಳನ್ನು ತೋರಿಸುತ್ತಾರೆ. ಸಿಸ್ಟಮ್ ಫೈಲುಗಳ ಹೆಸರು ಬದಲಿಸುವ ಆ ದಾರಿ ನನಗೆ ಬೇಡ. ಅರ್ಧದಲ್ಲಿ ಕೆಟ್ಟರೆ ವಿಂಡೋಸ್ ಏಳುವುದೇ ಇಲ್ಲ, ಫೈಲುಗಳೂ ಸಿಗುವುದಿಲ್ಲ.

ಚಿಕ್ಕಪ್ಪನದ್ದು ಲೋಕಲ್ ಖಾತೆ. ಪ್ರಶ್ನೆಗಳೂ ಇಲ್ಲ, ಇನ್ನೊಂದು ಖಾತೆಯೂ ಇಲ್ಲ. ಹಾಗಾಗಿ ಪೆನ್‌ಡ್ರೈವ್ ದಾರಿ.

ಬಿಟ್‌ಲಾಕರ್ ಇದೆಯಾ?

ತುಂಬ ಜನರಿಗೆ ಗೊತ್ತಿರದ ವಿಷಯ ಇದು: ಲಾಗಿನ್ ಪಾಸ್‌ವರ್ಡ್ ಎಂದರೆ ಫೈಲುಗಳ ಬೀಗ ಅಲ್ಲ. ಅದು ವಿಂಡೋಸ್‌ನ ಕಾವಲುಗಾರ ಮಾತ್ರ. ಬೇರೆ ಆಪರೇಟಿಂಗ್ ಸಿಸ್ಟಮ್‌ನಿಂದ ಯಂತ್ರ ಎಬ್ಬಿಸಿದರೆ ಆ ಕಾವಲುಗಾರ ಅಲ್ಲಿ ಇರುವುದೇ ಇಲ್ಲ, ಡಿಸ್ಕ್ ತೆರೆದೇ ಇರುತ್ತದೆ. ನಿಜವಾದ ಬೀಗ ಎಂದರೆ ಎನ್‌ಕ್ರಿಪ್ಷನ್. ವಿಂಡೋಸ್‌ನಲ್ಲಿ ಅದರ ಹೆಸರು ಬಿಟ್‌ಲಾಕರ್.

ಹಳೆ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ನಿಮಗೆ ಗೊತ್ತಾಗದ ಹಾಗೇ ಇದು ಆನ್ ಆಗಿರುತ್ತದೆ. ಆಗ ಬೇಕಾಗುವುದು 48 ಅಂಕೆಗಳ ರಿಕವರಿ ಕೀ, ಆರು ಆರು ಅಂಕೆಯ ಎಂಟು ಗುಂಪು. ಅದು ಅವರ ಮೈಕ್ರೋಸಾಫ್ಟ್ ಖಾತೆಯ ಒಳಗೆ, ಆ ಕಂಪ್ಯೂಟರ್‌ನ ಹೆಸರಿನ ಕೆಳಗೆ ಇರುತ್ತದೆ. ಪರದೆಯಲ್ಲಿ ಕಾಣುವ ಕೀ ಐಡಿ ಮತ್ತು ಖಾತೆಯಲ್ಲಿರುವ ಐಡಿ ಒಂದೇ ಎಂದು ನೋಡಿಕೊಳ್ಳಿ. ಕೀ ಇಲ್ಲದಿದ್ದರೆ ಯಾವ ಅಂಗಡಿಯವನಿಂದಲೂ ಆ ಡಿಸ್ಕ್ ತೆರೆಯಲು ಆಗುವುದಿಲ್ಲ. ತೆರೆದುಕೊಡುತ್ತೇನೆ ಎಂದು ದುಡ್ಡು ಕೇಳಿದರೆ ನಂಬಬೇಡಿ.

ಲ್ಯಾಪ್‌ಟಾಪ್ ಇನ್ನೂ ಚೆನ್ನಾಗಿ ತೆರೆಯುತ್ತಿದೆಯಾ? ಹಾಗಾದರೆ ಈ ಕೀಯನ್ನು ಇವತ್ತೇ ಕಾಗದದ ಮೇಲೆ ಪ್ರಿಂಟ್ ತೆಗೆದು ಇಡಿ.

ಪೆನ್‌ಡ್ರೈವ್‌ನಿಂದ ಎಬ್ಬಿಸಿ ಫೈಲು ತೆಗೆಯುವುದು

ಬೇಕಾದದ್ದು ಮೂರು: ಕೆಲಸ ಮಾಡುವ ಇನ್ನೊಂದು ಕಂಪ್ಯೂಟರ್, 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್, ಫೈಲು ತುಂಬಲು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್.

ಇನ್ನೊಂದು ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಡೌನ್‌ಲೋಡ್ ಮಾಡಿ, ಅವರ ಸ್ವಂತ ತಾಣದಿಂದಲೇ. ಉಬುಂಟು ಕೂಡ ಆಗುತ್ತದೆ. ಮಿಂಟ್ ನೇರವಾಗಿ ಡೆಸ್ಕ್‌ಟಾಪ್‌ಗೇ ಹೋಗುತ್ತದೆ, ವಿಂಡೋಸ್ ನೋಡಿದವರಿಗೆ ಹೊಸತು ಅನಿಸುವುದಿಲ್ಲ. ಅದಕ್ಕೇ ನನ್ನ ಆಯ್ಕೆ ಅದು. ಡೌನ್‌ಲೋಡ್ ಆದ ಐಎಸ್‌ಒ ಫೈಲನ್ನು ಸುಮ್ನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ನಡೆಯುವುದಿಲ್ಲ. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಪೆನ್‌ಡ್ರೈವ್ ಆರಿಸಿ, ಐಎಸ್‌ಒ ಆರಿಸಿ, ಸ್ಟಾರ್ಟ್ ಒತ್ತಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಈಗ ಬೀಗ ಬಿದ್ದ ಕಂಪ್ಯೂಟರ್. ಇಲ್ಲಿ ಒಂದು ಸೂಕ್ಷ್ಮ ಉಂಟು. ವಿಂಡೋಸ್ 10, 11ರಲ್ಲಿ ಶಟ್‌ಡೌನ್ ಮಾಡಿದರೆ ಅದು ಪೂರ್ತಿ ಮಲಗುವುದಿಲ್ಲ. ಬೇಗ ಏಳಲಿ ಎಂದು ಅರ್ಧ ನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ಬಿಡಬಹುದು, ಕೆಲವು ಸಲ ತೆರೆಯದೆಯೂ ಇರಬಹುದು. ಅದಕ್ಕೆ ಲಾಗಿನ್ ಪರದೆಯ ಪವರ್ ಗುರುತಿನಲ್ಲಿ 'ರೀಸ್ಟಾರ್ಟ್' ಕೊಡಿ. ರೀಸ್ಟಾರ್ಟ್ ಆಗುವಾಗ ಬೂಟ್ ಮೆನು (ಯಾವ ಡಿಸ್ಕ್‌ನಿಂದ ಏಳಬೇಕು ಎಂದು ಕೇಳುವ ಪಟ್ಟಿ) ಕೀಯನ್ನು ಟಪಟಪ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ.

ಚಿಕ್ಕಪ್ಪನ ಯಂತ್ರ ನಾಲ್ಕನೇ ಸಲಕ್ಕೆ ಬೂಟ್ ಮೆನು ತೋರಿಸಿತು. ಕೀಬೋರ್ಡನ್ನು ಹಿಂದುಗಡೆಯ ಯುಎಸ್‌ಬಿಗೆ ಬದಲಿಸಿದ ಮೇಲೆ. ಮುಂದುಗಡೆಯ ಪೋರ್ಟ್ ತಡವಾಗಿ ಏಳುತ್ತಿತ್ತು ಅನಿಸುತ್ತದೆ.

ಮಿಂಟ್ ಡೆಸ್ಕ್‌ಟಾಪ್ ಬಂದ ಮೇಲೆ 'ಇನ್‌ಸ್ಟಾಲ್' ಎಂಬ ಚಿತ್ರ ಕಾಣುತ್ತದೆ. ಅದನ್ನು ಮುಟ್ಟಬೇಡಿ. ಫೋಲ್ಡರ್ ಚಿತ್ರ ಒತ್ತಿ, ಎಡಗಡೆಯ ಪಟ್ಟಿಯಲ್ಲಿ ಡಿಸ್ಕ್‌ಗಳು ಇರುತ್ತವೆ. 'ಯೂಸರ್ಸ್' ಎಂಬ ಫೋಲ್ಡರ್ ಯಾವುದರಲ್ಲಿ ಇದೆಯೋ ಅದೇ ವಿಂಡೋಸ್ ಡಿಸ್ಕ್. ಅದರ ಒಳಗೆ ಅವರ ಹೆಸರಿನ ಫೋಲ್ಡರ್. ಡಿಸ್ಕ್ ಮೇಲೆ ಬೀಗದ ಗುರುತು ಇದ್ದು ಪಾಸ್‌ಫ್ರೇಸ್ ಕೇಳಿದರೆ ಅದು ಬಿಟ್‌ಲಾಕರ್. ಮೇಲೆ ಹೇಳಿದ ಕೀ ಹುಡುಕಿ.

ಈಗ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಚುಚ್ಚಿ, ಅವರ ಹೆಸರಿನ ಇಡೀ ಫೋಲ್ಡರನ್ನು ಕಾಪಿ ಮಾಡಿ. ಕಟ್ ಮಾಡಬೇಡಿ, ಎಂದೂ ಮಾಡಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಎರಡೂ ಕಡೆ ಅರ್ಧಂಬರ್ಧ. ಯುಎಸ್‌ಬಿ 2 ಪೋರ್ಟ್ ಆದರೆ 200 ಜಿಬಿಗೆ ಸುಮಾರು ಎರಡು ಗಂಟೆ ಹಿಡಿಯುತ್ತದೆ. ಯಂತ್ರದಲ್ಲಿ ನೀಲಿ ಬಣ್ಣದ ಪೋರ್ಟ್ ಇದ್ದರೆ ಅದಕ್ಕೇ ಹಾಕಿ, ಅದು ಯುಎಸ್‌ಬಿ 3, ತುಂಬ ಬೇಗ ಮುಗಿಯುತ್ತದೆ.

ಕಾಪಿ ಆಗುವಾಗ ಇನ್ನೂ ಕೆಲವು ಜಾಗ ನೋಡಿ. ಎಷ್ಟೋ ಜನ ಡಿ ಡ್ರೈವ್‌ನಲ್ಲೇ ಎಲ್ಲ ಇಟ್ಟಿರುತ್ತಾರೆ. ಡೆಸ್ಕ್‌ಟಾಪ್ ಖಾಲಿ ಕಂಡರೆ ಒನ್‌ಡ್ರೈವ್ ಎಂಬ ಫೋಲ್ಡರ್ ಒಳಗೆ ನೋಡಿ, ವಿಂಡೋಸ್ ಅದನ್ನು ಅಲ್ಲಿಗೆ ಸಾಗಿಸಿರುತ್ತದೆ. ಅಲ್ಲಿ ಹೆಸರು ಕಂಡೂ ತೆರೆಯದ ಫೈಲುಗಳು ಬಹುಶಃ ಕ್ಲೌಡ್‌ನಲ್ಲಿ ಮಾತ್ರ ಇರುತ್ತವೆ, ಯಂತ್ರದಲ್ಲಿ ಇರುವುದಿಲ್ಲ. ಲೆಕ್ಕಪತ್ರ ಇದ್ದವರು ಟ್ಯಾಲಿಯ ಡೇಟಾ ಫೋಲ್ಡರ್ ಬಿಡಬೇಡಿ. ಅದು ಯೂಸರ್ಸ್ ಒಳಗೆ ಇರಲೇಬೇಕು ಎಂದಿಲ್ಲ, ಬೇರೆ ಕಡೆಯೂ ಇರಬಹುದು.

ಹಾರ್ಡ್‌ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬಂದರೆ, ಕಾಪಿ ಪದೇ ಪದೇ ನಿಂತರೆ, ಅಲ್ಲಿಗೆ ನಿಲ್ಲಿಸಿ ಆಫ್ ಮಾಡಿ. ಡಿಸ್ಕ್ ಸಾಯುತ್ತಿದೆ. ಇನ್ನು ಅದು ಡೇಟಾ ರಿಕವರಿ ಬಲ್ಲವರ ಕೆಲಸ.

ನುಡಿ, ಬರಹ: ಫಾಂಟ್ ಮರೆಯಬೇಡಿ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಬೇರೆ ಭಾಷೆಯ ಯಾವ ಮಾರ್ಗದರ್ಶಿಯಲ್ಲೂ ಇದು ಸಿಗುವುದಿಲ್ಲ.

ಚಿಕ್ಕಪ್ಪ ಹದಿನಾಲ್ಕರ ಹುಡುಗನಾಗಿ ಊರಿನಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಫೋರ್ಟ್‌ನ ಕನ್ನಡ ರಾತ್ರಿಶಾಲೆ. ಆ ದಿನಗಳನ್ನು ಬರೆಯುತ್ತಿದ್ದೇನೆ ಎಂದು ಎರಡು ಮೂರು ವರ್ಷದಿಂದ ಹೇಳುತ್ತಿದ್ದರು. ಮಿಂಟ್‌ನಲ್ಲಿ ಆ ಫೈಲ್ ತೆರೆದೆ. ಪರದೆ ತುಂಬ ಕೊಂಬು, ಟೋಪಿ, ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರಗಳು. ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮ "ಹಾಳಾಗಿ ಹೋಯ್ತಾ?" ಎಂದು ಕೇಳಿದರು.

ಹಾಳಾಗಿರಲಿಲ್ಲ. ಅವರು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ) ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟ್‌ಗಳಲ್ಲಿ ಒಳಗಿರುವುದು ಇಂಗ್ಲಿಷ್‌ನ ಸಂಕೇತಗಳೇ. ಅದರ ಮೇಲೆ ಕನ್ನಡದ ಆಕಾರ ತೋರಿಸುವುದು ಫಾಂಟ್. ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣುವುದಿಲ್ಲ, ಅಷ್ಟೇ. ವಿಂಡೋಸ್ ಫೋಲ್ಡರ್ ಒಳಗಿನ 'ಫಾಂಟ್ಸ್'ಗೆ ಹೋಗಿ, ನುಡಿ ಎಂದು ಶುರುವಾಗುವ ಫಾಂಟ್ ಫೈಲುಗಳನ್ನೆಲ್ಲ ಹಾರ್ಡ್‌ಡಿಸ್ಕ್‌ಗೆ ಹಾಕಿಕೊಂಡೆ. ಬರಹ ಬಳಸಿದವರದ್ದಾದರೆ ಬಿಆರ್‌ಎಚ್ ಎಂದು ಶುರುವಾಗುವವು. ಮನೆಗೆ ಬಂದು ನನ್ನ ಲ್ಯಾಪ್‌ಟಾಪ್‌ನಲ್ಲಿ ಫಾಂಟ್ ಹಾಕಿ ಅದೇ ಫೈಲ್ ತೆರೆದೆ. ಮೊದಲ ಸಾಲು ಕನ್ನಡದಲ್ಲಿ ಎದ್ದು ಕುಳಿತಿತು: 'ಬೋರಿಬಂದರಿನಲ್ಲಿ ಇಳಿದಾಗ ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಒಂದು ಅಂಗಿ.' ಅದರ ಫೋಟೋ ತೆಗೆದು ಚಿಕ್ಕಮ್ಮನಿಗೆ ವಾಟ್ಸಾಪ್ ಮಾಡಿದೆ.

ಇಂಥ ಫೈಲುಗಳಿಗೆ ಮೂರು ಪ್ರತಿ ಮಾಡಿ. ಮೂಲ ಫೈಲು ಹಾಗೇ ಇರಲಿ, ಫಾಂಟ್‌ನ ಜೊತೆ ಒಂದೇ ಫೋಲ್ಡರ್‌ನಲ್ಲಿ. ಎರಡನೆಯದು ಪಿಡಿಎಫ್, ಅದರಲ್ಲಿ ಫಾಂಟ್ ಸೇರಿಯೇ ಹೋಗುವುದರಿಂದ ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಮೂರನೆಯದು ಆಸ್ಕಿಯಿಂದ, ಅಂದರೆ ಈ ಹಳೆ ಸಂಕೇತಗಳಿಂದ, ಯೂನಿಕೋಡ್‌ಗೆ ಪರಿವರ್ತಿಸಿದ್ದು. ಪರಿವರ್ತನೆ ಆದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನು ಕಣ್ಣಿಟ್ಟು ಓದಿ, ತಪ್ಪುವುದು ಅಲ್ಲೇ. ಸಂಘದ ಹಳೆ ವರದಿ, ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗ ಟೈಪ್ ಮಾಡಿಟ್ಟವರು ಮುಂಬಯಿಯಲ್ಲಿ ಎಷ್ಟೋ ಜನ ಇದ್ದಾರೆ. ನಿಮ್ಮ ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿರುವಾಗಲೇ ಈ ಕೆಲಸ ಮಾಡಿ.

ಈಗ ಬಾಗಿಲು

ಫೈಲುಗಳು ಹೊರಗೆ ಬಂದವು. ಹತ್ತಾರು ಫೈಲು ತೆರೆದು ನೋಡಿ, ಎರಡೂ ಕಡೆಯ ಫೋಲ್ಡರ್ ಗಾತ್ರ ಹೋಲಿಸಿ. ಸಾಧ್ಯವಾದರೆ ಎರಡನೇ ಡಿಸ್ಕ್‌ಗೂ ಪ್ರತಿ ಹಾಕಿ. ಆಮೇಲೆಯೇ ಮುಂದಿನ ಹೆಜ್ಜೆ.

ಲಾಗಿನ್ ಪರದೆಯಲ್ಲಿ ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ. ನೀಲಿ ಪರದೆ ಬರುತ್ತದೆ. ಅದರಲ್ಲಿ 'ಟ್ರಬಲ್‌ಶೂಟ್', ಆಮೇಲೆ 'ರೀಸೆಟ್ ದಿಸ್ ಪಿಸಿ'. ಎಲ್ಲ ಅಳಿಸುವ ಆಯ್ಕೆ ಕೊಟ್ಟರೆ ವಿಂಡೋಸ್ ಹೊಸದಾಗಿ ಕೂರುತ್ತದೆ, ಹಳೆ ಖಾತೆ, ಹಳೆ ಪಾಸ್‌ವರ್ಡ್ ಎರಡೂ ಹೋಗುತ್ತವೆ. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಚಿಪ್ ಡಿಸ್ಕ್) ಇರುವ ಯಂತ್ರದಲ್ಲಿ ಹೀಗೆ ಅಳಿಸಿದ್ದು ಮತ್ತೆ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಟ್ಯಾಲಿಯಂಥ ತಂತ್ರಾಂಶಗಳನ್ನು ಮತ್ತೆ ಹಾಕಬೇಕಾಗುತ್ತದೆ, ಲೈಸೆನ್ಸ್ ವಿವರ ಮೊದಲೇ ಹುಡುಕಿಟ್ಟುಕೊಳ್ಳಿ. ಅಂದ ಹಾಗೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹಳೆ ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಮಿಂಟ್ ಅನ್ನೇ ಹಾಕಿಬಿಡಬಹುದು. ಚಿಕ್ಕಮ್ಮನಿಗೆ ನಾನು ಮಾಡಿದ್ದು ಅದನ್ನೇ. ಯಕ್ಷಗಾನದ ವಿಡಿಯೋ ಮತ್ತು ಫೋಟೋ ನೋಡುವುದಕ್ಕೆ ಅವರಿಗೆ ಅದು ಸಾಕು.

ವಯಸ್ಸಾದವರಿಗೆ ಪ್ರತಿ ಸಲ ಪಾಸ್‌ವರ್ಡ್ ಕಷ್ಟ ಎಂದಾದರೆ ಲಾಗಿನ್ ಪರದೆಯನ್ನೇ ದಾಟುವ ವ್ಯವಸ್ಥೆ ಮಾಡಬಹುದು. ಮಿಂಟ್‌ನಲ್ಲಿ 'ಲಾಗಿನ್ ವಿಂಡೋ' ಸೆಟ್ಟಿಂಗ್‌ನಲ್ಲೇ ತಾನಾಗಿ ಲಾಗಿನ್ ಆಗುವ ಆಯ್ಕೆ ಇದೆ. ವಿಂಡೋಸ್‌ನಲ್ಲಾದರೆ ರನ್ ಪೆಟ್ಟಿಗೆಯಲ್ಲಿ 'ನೆಟ್‌ಪಿಎಲ್‌ವಿಜ್' (netplwiz) ಎಂಬ ಆದೇಶ ಕೊಟ್ಟು, ಪಾಸ್‌ವರ್ಡ್ ಕೇಳಬೇಕು ಎಂಬ ಟಿಕ್ ತೆಗೆಯಬೇಕು. ಆ ಟಿಕ್ ಕಾಣದಿದ್ದರೆ ಮೊದಲು ಸೆಟ್ಟಿಂಗ್ಸ್‌ನ 'ಸೈನ್ ಇನ್ ಆಪ್ಷನ್ಸ್'ನಲ್ಲಿ ವಿಂಡೋಸ್ ಹಲೋ (ಮುಖ, ಬೆರಳಚ್ಚು, ಪಿನ್‌ನಿಂದ ಲಾಗಿನ್) ಮಾತ್ರ ಸಾಕು ಎಂಬುದನ್ನು ಆಫ್ ಮಾಡಿ. ಮನೆಯಲ್ಲೇ ಇರುವ ಡೆಸ್ಕ್‌ಟಾಪ್‌ಗೆ ಇದು ಸರಿ. ಲೋಕಲ್ ರೈಲಿನಲ್ಲಿ ಹೊತ್ತುಕೊಂಡು ತಿರುಗುವ ಲ್ಯಾಪ್‌ಟಾಪ್‌ಗೆ ಖಂಡಿತ ಬೇಡ.

ಮ್ಯಾಕ್ ಇದ್ದವರಿಗೆ ಎರಡು ಮಾತು. ಫೈಲ್‌ವಾಲ್ಟ್ (ಮ್ಯಾಕ್‌ನ ಎನ್‌ಕ್ರಿಪ್ಷನ್) ಆನ್ ಆಗಿದ್ದರೆ ಪಾಸ್‌ವರ್ಡ್ ಅಥವಾ ರಿಕವರಿ ಕೀ ಬೇಕೇ ಬೇಕು. ಬ್ಯಾಕಪ್‌ಗೆ ಟೈಮ್ ಮಷೀನ್ ಇದೆ. ಡಿಸ್ಕ್ ಚುಚ್ಚಿ ಆನ್ ಮಾಡಿದರೆ ಗಂಟೆಗೊಮ್ಮೆ ತಾನೇ ನೋಡಿಕೊಳ್ಳುತ್ತದೆ.

ಬ್ಯಾಕಪ್: ಮೂರು ಪ್ರತಿ, ಒಂದು ಊರಲ್ಲಿ

ಬಲ್ಲವರು 3-2-1 ಎನ್ನುತ್ತಾರೆ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಮನೆಯಿಂದ ಹೊರಗೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಈ ಲೆಕ್ಕ ಜನಪ್ರಿಯವಾಯಿತು. ಮುಂಬಯಿಯವರಿಗೆ ಮೂರನೆಯದು ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಕೆಳಮಹಡಿಯ ಮನೆಗಳಲ್ಲಿ ಕಂಪ್ಯೂಟರ್, ಕಪಾಟು, ಆಲ್ಬಮ್ ಎಲ್ಲ ಒಟ್ಟಿಗೇ ಮುಳುಗಿದವು. ಕಂಪ್ಯೂಟರ್ ಪಕ್ಕದಲ್ಲೇ ಇಟ್ಟ ಬ್ಯಾಕಪ್ ಆಗ ಉಪಯೋಗಕ್ಕೆ ಬರುವುದಿಲ್ಲ.

ಮುಂಬಯಿಯ ಕಂಪ್ಯೂಟರ್ ಸಾಮಾನಿನ ಪೇಟೆ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತನ್ನಿ. ನಿಮ್ಮ ಫೈಲುಗಳ ಒಟ್ಟು ಗಾತ್ರದ ಎರಡು ಪಟ್ಟು ಇರಲಿ. ಎರಡು ಬೇರೆ ಕಂಪನಿಯದ್ದಾದರೆ ಇನ್ನೂ ಒಳ್ಳೆಯದು. ವಾರಂಟಿ ಡಿಸ್ಕ್‌ಗೆ ಮಾತ್ರ, ಒಳಗಿನ ಫೋಟೋಗೆ ಅಲ್ಲ. ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇರಲಿ, ಮ್ಯಾಕ್ ಕೂಡ ಇದ್ದರೆ ಎಕ್ಸ್‌ಫ್ಯಾಟ್. ಫ್ಯಾಟ್32ರಲ್ಲಿ 4 ಜಿಬಿ ದಾಟಿದ ಫೈಲು ಹಿಡಿಸುವುದಿಲ್ಲ, ಮದುವೆ ವಿಡಿಯೋ ಅಲ್ಲೇ ಕೈಕೊಡುತ್ತದೆ.

ವಿಂಡೋಸ್‌ನ ಕಂಟ್ರೋಲ್ ಪ್ಯಾನಲ್‌ನಲ್ಲಿ 'ಫೈಲ್ ಹಿಸ್ಟರಿ' ಇದೆ. ಡಿಸ್ಕ್ ಚುಚ್ಚಿ ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಇವುಗಳ ಪ್ರತಿ ಗಂಟೆಗೊಮ್ಮೆ ಆಗುತ್ತದೆ, ಹಳೆ ರೂಪಗಳೂ ಉಳಿಯುತ್ತವೆ. ಡಿ ಡ್ರೈವ್‌ನಲ್ಲಿ ಇಡುವ ಅಭ್ಯಾಸದವರಿಗೆ ಅದು ಸಾಲದು. ಅವರಿಗೆ ನಾನು ಹೇಳುವುದು ಫ್ರೀಫೈಲ್‌ಸಿಂಕ್ ಎಂಬ ಉಚಿತ ತಂತ್ರಾಂಶ. ಎಡಗಡೆ ನಿಮ್ಮ ಫೋಲ್ಡರ್, ಬಲಗಡೆ ಬ್ಯಾಕಪ್ ಫೋಲ್ಡರ್, ವಿಧಾನ 'ಅಪ್‌ಡೇಟ್'. 'ಮಿರರ್' ಆರಿಸಿದರೆ ಇಲ್ಲಿ ತಪ್ಪಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಮನೆಯ ಬ್ಯಾಕಪ್‌ಗೆ ಅದು ನನಗೆ ಸರಿ ಕಾಣುವುದಿಲ್ಲ.

ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಬ್ಯಾಕಪ್ ಆಯ್ಕೆ ಸಿಗುತ್ತದೆ. ಅಂಗಡಿ, ಹೋಟೆಲಿನವರು ದಿನದ ಕೊನೆಗೆ ಅದನ್ನು ಮಾಡಿ.

ಕೆಲಸ ಮುಗಿದ ಮೇಲೆ ಡಿಸ್ಕ್ ಕಿತ್ತು ಇಡಿ. ಸದಾ ಚುಚ್ಚಿಯೇ ಇಟ್ಟರೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದಾಗ ಬ್ಯಾಕಪ್‌ಗೂ ಬೀಗ ಬೀಳುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಹಾಕಿದ್ದು ಹೀಗೇ: ಕಂಪ್ಯೂಟರ್‌ಗೆ ಜೋಡಿಸಿದ್ದ ಡಿಸ್ಕ್‌ಗಳನ್ನೂ ಅದು ಬಿಡಲಿಲ್ಲ.

ಕ್ಲೌಡ್ ಬೇಡ ಎನ್ನುವುದಿಲ್ಲ. ಗೂಗಲ್‌ನಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5 ಜಿಬಿ ಉಚಿತ. ಪಾಸ್‌ಪೋರ್ಟ್, ಫ್ಲ್ಯಾಟ್‌ನ ಅಗ್ರಿಮೆಂಟ್, ಮಾರ್ಕ್ಸ್‌ಕಾರ್ಡ್ ಸ್ಕ್ಯಾನ್‌ಗಳಿಗೆ ಧಾರಾಳ. ಫೋಟೋಗಳಿಗೆ ಸಾಲುವುದಿಲ್ಲ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, ಅದಕ್ಕೇ ಗೂಗಲ್ ಖಾತೆಯಲ್ಲಿ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ತೆರೆದು ಮನೆಯ ಒಬ್ಬರ ಹೆಸರು ಹಾಕಿಡಿ. ನೀವು ಹೇಳಿದಷ್ಟು ತಿಂಗಳು ಖಾತೆ ಸುಮ್ಮನಿದ್ದರೆ ಅವರಿಗೆ ತಿಳಿಸಿ, ನೀವು ಒಪ್ಪಿದ ಡೇಟಾ ಕೊಡುತ್ತಾರೆ.

ಎರಡನೇ ಡಿಸ್ಕ್ ಊರಿಗೆ ಹೋಗಲಿ. ಮೇ ರಜೆಗೆ ಮತ್ಸ್ಯಗಂಧ ರೈಲು ಹತ್ತುವಾಗ ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ. ಅಲ್ಲಿ ಹಳೆಯದು ಇದ್ದರೆ ವಾಪಸ್ ತಂದು ಹೊಸದನ್ನು ಇಟ್ಟು ಬನ್ನಿ. ನಮ್ಮದು ಅಕ್ಕನ ಮನೆಯ ಅಟ್ಟದ ಕೆಳಗಿನ ಕಪಾಟಿನಲ್ಲಿದೆ. ಮಳೆಗಾಲದ ತೇವ ಎರಡೂ ಕಡೆ ಒಂದೇ, ಅದಕ್ಕೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮುಂಬಯಿಯ ಡಿಸ್ಕ್ ಗೋದ್ರೆಜ್ ಕಪಾಟಿನ ಮೇಲಿನ ಖಾನೆಯಲ್ಲಿ ಇರಲಿ.

ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಬೇಕಾ? ಫೋಟೋಗಳಿಗೆ ಬೇಡ ಎಂಬುದು ನನ್ನ ಅಭಿಪ್ರಾಯ, ಮತ್ತೆ ಅದೇ ಕಷ್ಟಕ್ಕೆ ಬೀಳುತ್ತೀರಿ. ಬ್ಯಾಂಕ್ ಕಾಗದಗಳನ್ನು ಮಾತ್ರ ಸೆವೆನ್‌ಜಿಪ್ ಎಂಬ ಉಚಿತ ತಂತ್ರಾಂಶದಿಂದ ಮಾಡಿದ, ಪಾಸ್‌ವರ್ಡ್ ಇರುವ ಒಂದು ಫೈಲಿನಲ್ಲಿ ಹಾಕಿ.

ಯಾವಾಗ ಮಾಡುವುದು?

ಚಿಕ್ಕಮ್ಮ ಸಂಕಷ್ಟಿ ಹಿಡಿಯುತ್ತಾರೆ. ಚಂದ್ರೋದಯಕ್ಕೆ ಕಾಯುತ್ತಾ ರಾತ್ರಿ ಹೇಗೂ ಎದ್ದಿರುತ್ತಾರೆ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ಸಂಕಷ್ಟಿಯ ಪಕ್ಕ ಕೆಂಪು ಪೆನ್ನಿನಲ್ಲಿ 'ಡಿಸ್ಕ್' ಎಂದು ಬರೆದುಕೊಟ್ಟೆ. ಮೊದಲ ತಿಂಗಳು ಫೋನ್‌ನಲ್ಲಿ ಹೇಳಿಕೊಟ್ಟೆ, ಈಗ ಅವರೇ ಮಾಡುತ್ತಾರೆ. ಮುಗಿದ ಮೇಲೆ ಮೂರು ಫೈಲು ಬ್ಯಾಕಪ್‌ನಿಂದಲೇ ತೆರೆಯುತ್ತಾರೆ: ಒಂದು ಮದುವೆ ಫೋಟೋ, ಒಂದು ಸೊಸೈಟಿ ಕಾಗದ, ಚಿಕ್ಕಪ್ಪನ ಬರಹದ ಪಿಡಿಎಫ್. ಹಾಗೆ ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಪಿಡಿಎಫ್ ತೆರೆದ ದಿನ ಒಂದು ಪುಟ ಓದದೆ ಮುಚ್ಚುವುದಿಲ್ಲ ಎಂದು ಅವರೇ ಹೇಳಿದರು.

ಕೊನೆಗೆ ಒಂದು ನೋಟ್‌ಬುಕ್. ಬರೆಯಬೇಕಾದದ್ದು ಜಾಸ್ತಿ ಇಲ್ಲ: ಕಂಪ್ಯೂಟರ್ ಪಾಸ್‌ವರ್ಡ್, ಇಮೇಲ್ ಮತ್ತು ಅದರ ಪಾಸ್‌ವರ್ಡ್, ಖಾತೆಗೆ ಜೋಡಿಸಿದ ಮೊಬೈಲ್ ನಂಬರ್, ಬಿಟ್‌ಲಾಕರ್ ಇದ್ದರೆ ಅದರ 48 ಅಂಕೆ, ಸೆವೆನ್‌ಜಿಪ್ ಪಾಸ್‌ವರ್ಡ್, ಎರಡು ಡಿಸ್ಕ್ ಎಲ್ಲೆಲ್ಲಿವೆ ಎಂಬುದು. ಪಾಸ್‌ವರ್ಡ್ ಬದಲಿಸಿದ ದಿನವೇ ಹಳೆಯದನ್ನು ಹೊಡೆದು ಹಾಕಿ ತಾರೀಕಿನ ಜೊತೆ ಹೊಸದು ಬರೆಯಿರಿ. ಬ್ಯಾಂಕಿನ ಪಿನ್, ಎಟಿಎಂ ನಂಬರ್ ಇದರಲ್ಲಿ ಬೇಡ. ಚಿಕ್ಕಮ್ಮನ ನೋಟ್‌ಬುಕ್ ಎಲ್‌ಐಸಿ ಪಾಲಿಸಿಗಳ ಫೈಲಿನಲ್ಲಿದೆ. ಎಲ್ಲಿದೆ ಎಂದು ಪುಣೆಯಲ್ಲಿರುವ ಮಗಳಿಗೆ ಹೇಳಿಟ್ಟಿದ್ದಾರೆ.